ದೂರಿಲ್ಲದವರ ಹೊತ್ತು

ಮಂಗಳವಾರ ಮಧ್ಯಾಹ್ನ ಎರಡು ಗಂಟೆ ನಾಲ್ಕು ನಿಮಿಷಕ್ಕೆ ‘ಹದ’ ಎಂಬ ಯಂತ್ರ ಹನ್ನೊಂದು ಸಾವಿರ ಜಾಲತಾಣಗಳನ್ನು ಒಮ್ಮೆಗೇ ಮುಚ್ಚಿತು. ಇಪ್ಪತ್ತೆರಡು ನಿಮಿಷ ಬಿಟ್ಟು ಎಲ್ಲವನ್ನೂ ಮತ್ತೆ ತೆರೆಯಿತು. ಗದಗಿನ ಅಕ್ಕಿ ಹೋಸ್ಟಿಂಗ್ ಕಚೇರಿಯಲ್ಲಿ ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ, ಒಂದು ಫೋನೂ ಬರಲಿಲ್ಲ. ಗೋಡೆಯ ಪರದೆಯ ಮೇಲೆ ಒಂದು ಸಾಲು ಮೂಡಿತು: ‘ಅಪ್‌ಡೇಟ್ ಮುಗಿದಿದೆ. ಒಟ್ಟು ನೋವು: ಎರಡು.’ ಮಾಲೀಕ ವೀರಭದ್ರಪ್ಪ ಅಕ್ಕಿಯವರು ಅದನ್ನು ನೋಡಿ ಮೀಸೆಯಡಿಯಲ್ಲೇ ನಕ್ಕು, ಊಟ ಮಾಡಿದ ಕೈ ಒರೆಸಿಕೊಳ್ಳುತ್ತ ಒಳಗೆ ಹೋದರು.

ಇದು 2057ರ ಮಾತು. ಜಾಲತಾಣಗಳ ಕಾಲ ಮುಗಿಯಿತೆಂದು ಭವಿಷ್ಯ ನುಡಿದವರು ಒಬ್ಬೊಬ್ಬರಾಗಿ ಮುಗಿದುಹೋಗಿದ್ದರು, ಜಾಲತಾಣಗಳು ಮಾತ್ರ ಉಳಿದಿದ್ದವು. ಸೀರೆ ಅಂಗಡಿ, ಕಲ್ಯಾಣ ಮಂಟಪ, ಸಹಕಾರಿ ಸಂಘ, ಡಯಾಲಿಸಿಸ್ ಕೇಂದ್ರ, ಎಲ್ಲರಿಗೂ ಒಂದೊಂದು ತಾಣ ಬೇಕು. ತಾಣಕ್ಕೊಂದು ಸರ್ವರ್, ಎಂದರೆ ಸದಾ ಎಚ್ಚರವಿರುವ ಕಂಪ್ಯೂಟರ್ ಬೇಕು. ಆ ಜಾಗ ಒದಗಿಸುವುದೇ ಹೋಸ್ಟಿಂಗ್. ಅಕ್ಕಿಯವರ ಅಜ್ಜನ ಕಾಲಕ್ಕೆ ಇದೇ ಕಟ್ಟಡದಲ್ಲಿ ಅಚ್ಚಿನ ಮೊಳೆ ಜೋಡಿಸಿ ಲಗ್ನಪತ್ರಿಕೆ ಹೊಡೆಯುತ್ತಿದ್ದರು. ಮೊಮ್ಮಗ ಅದೇ ಗಿರಾಕಿಗಳ ತಾಣಗಳನ್ನು ಸಾಕುತ್ತಿದ್ದರು. ಸಾವಿರಾರು ತಾಣಗಳು ಒಂದೇ ಸರ್ವರಿನಲ್ಲಿ ಬಿಡಾರ ಹೂಡಿರುವಾಗ ಯಾರ ಇಮೇಲ್ ಅಂಚೆ, ಯಾರ ಪಾಸ್‌ವರ್ಡ್, ಯಾರ ಕಡತ ಎಂದು ವಿಂಗಡಿಸಿ ನೋಡಿಕೊಳ್ಳುವ ಮೇಲ್ವಿಚಾರಕ ತಂತ್ರಾಂಶಕ್ಕೆ ಕಂಟ್ರೋಲ್ ಪ್ಯಾನೆಲ್ ಎಂದು ಹೆಸರು.

ಈ ಮೇಲ್ವಿಚಾರಕನಿಗೆ ಆಗಾಗ ಹೊಸ ರೂಪ ಕೊಡಬೇಕಾಗುತ್ತಿತ್ತು. ಯಾವಾಗ ಕೊಡಬೇಕು ಎಂಬುದೇ ತಲೆನೋವು. ಬಂದ ದಿನವೇ ಹಾಕಿದರೆ ಹೊಸದರ ಹುಳುಕು ನಿಮ್ಮ ತಲೆಯ ಮೇಲೆ ಬೀಳುತ್ತದೆ, ಯಾರದೋ ಅಂಚೆ ನಿಲ್ಲುತ್ತದೆ, ಯಾರದೋ ಪುಟ ಒಡೆಯುತ್ತದೆ. ತಡ ಮಾಡಿದರೆ ಹಳೆಯದರ ಬಿರುಕು ಅಷ್ಟರಲ್ಲಿ ಜಗತ್ತಿನ ಕಳ್ಳರಿಗೆಲ್ಲ ಗೊತ್ತಾಗಿರುತ್ತದೆ. ಈ ಕಚೇರಿಯಲ್ಲಿ ದಾಕ್ಷಾಯಣಿ ಕಮ್ಮಾರ ಇಪ್ಪತ್ತೆಂಟು ವರ್ಷ ಮಾಡಿದ ಕೆಲಸ ಇದೇ. ಹೊಸ ರೂಪದ ಟಿಪ್ಪಣಿಗಳನ್ನು ಕೊನೆಯ ಸಾಲಿನವರೆಗೂ ಓದುವುದು, ಮೂಲೆಯಲ್ಲಿದ್ದ ಹಳೆಯ ಯಂತ್ರಕ್ಕೆ ಮೊದಲು ಹಾಕಿ ನೋಡುವುದು, ಅವಸರದವರು ಬಿದ್ದೆದ್ದು ಮೈ ಕೊಡವಿಕೊಳ್ಳುವವರೆಗೆ ಒಂದು ವಾರ ಕಾಯುವುದು, ಆಮೇಲೆ ದೇವರ ಹೆಸರು ಹೇಳಿ ಗುಂಡಿ ಒತ್ತುವುದು.

ಮೂರು ವರ್ಷದ ಹಿಂದೆ ಡಾ. ಪ್ರಹ್ಲಾದ ಹೊಳ್ಳರ ‘ಹದ’ ಬಂತು, ಆ ಕೆಲಸ ಹೋಯಿತು. ಮಣ್ಣಿನ ಹದ ನೋಡಿ ಬಿತ್ತುವ ಹಾಗೆ ಸರ್ವರಿನ ಹದ ನೋಡುತ್ತದೆಂದು ಆ ಹೆಸರು. ಅದು ಸರ್ವರಿನ ಪಡಿಯಚ್ಚೊಂದನ್ನು ತನ್ನೊಳಗೇ ಮಾಡಿಕೊಳ್ಳುತ್ತಿತ್ತು. ಆ ನೆರಳು ಸರ್ವರಿಗೆ ನೆರಳು ಬಳಕೆದಾರರು. ಮುಂದಿನ ಹದಿನೈದು ದಿನಗಳ ಪ್ರತಿಯೊಂದು ನಿಮಿಷದಲ್ಲೂ ಅಪ್‌ಡೇಟ್ ಮಾಡಿದಂತೆ ಆಡಿ ನೋಡಿ, ಯಾವ ನಿಮಿಷದಲ್ಲಿ ಜನರಿಗೆ ಆಗುವ ಒಟ್ಟು ‘ನೋವು’ ಅತಿ ಕಡಿಮೆಯೋ ಅದನ್ನೇ ಆರಿಸುತ್ತಿತ್ತು. ಮನುಷ್ಯರು ಕೈ ಹಾಕುವ ಅಗತ್ಯವೇ ಇರಲಿಲ್ಲ. ಮೂರು ವರ್ಷದಲ್ಲಿ ಲಿಖಿತ ದೂರುಗಳು ಬೆರಳೆಣಿಕೆಯಷ್ಟು. ಅದಕ್ಕಾಗಿ ಬರುವ ಸೋಮವಾರ ಹನ್ನೊಂದು ಗಂಟೆಗೆ ಕಚೇರಿಯಲ್ಲೇ ಸಮಾರಂಭ, ಹೊಳ್ಳರಿಗೆ ಶಾಲು, ಹಾರ, ಫಲತಾಂಬೂಲ. ದಾಕ್ಷಾಯಣಿಗೆ ಸ್ವಾಗತ ಭಾಷಣ ವಹಿಸಿದ್ದರು. ಭಾಷಣ ಮಾಡುವುದೆಂದರೆ ಆಕೆಗೆ ಮೊದಲಿಂದಲೂ ಆಗದು.

ಬುಧವಾರ ಬೆಳಿಗ್ಗೆ ಡಂಬಳದಿಂದ ಹುಸೇನಬಿ ನದಾಫ ಬಂದರು. ಐವತ್ತರ ಹೆಂಗಸು. ಗಂಡ ರಾಜೇಸಾಬ ಗಾದಿ ಹೊಲಿಯುವವರು, ಎರಡು ವರ್ಷದಿಂದ ಡಯಾಲಿಸಿಸ್ ಮೇಲೆ ಬದುಕಿದ್ದವರು. ಮುಂಡರಗಿ ದಾರಿಯ ಒಂದು ಟ್ರಸ್ಟಿನ ಕೇಂದ್ರದಲ್ಲಿ ಬಡವರಿಗೆ ಹಾಸಿಗೆ ಸಿಗುತ್ತಿತ್ತು. ಆದರೆ ಪ್ರತಿ ಮಂಗಳವಾರ ಎರಡರಿಂದ ಎರಡೂವರೆಯೊಳಗೆ ಕೇಂದ್ರದ ತಾಣಕ್ಕೆ ಹೋಗಿ ಮುಂದಿನ ವಾರದ ಹಾಸಿಗೆಯನ್ನು ಖಾತ್ರಿ ಮಾಡಬೇಕು. ಮಾಡದವರ ಹಾಸಿಗೆ ಸರದಿಯಲ್ಲಿ ಕಾಯುತ್ತಿರುವ ಬೇರೆಯವರಿಗೆ ಹೋಗುತ್ತಿತ್ತು. ಆ ಅರ್ಧ ಗಂಟೆಯಲ್ಲೇ ತಾಣ ಮುಚ್ಚಿರುವುದು ಇದು ಮೂರನೆಯ ಸಲ. ಉಳಿದ ಎಂಟು ನಿಮಿಷದಲ್ಲಿ ನಾನೂರು ಮಂದಿ ನುಗ್ಗಿದ್ದರು, ಹುಸೇನಬಿಯ ಫೋನಿನಲ್ಲಿ ಪುಟ ತೆರೆಯದೆ ಚಕ್ರ ತಿರುಗುತ್ತಲೇ ಉಳಿದಿತ್ತು.

ಅವರು ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತು, ಸೆರಗು ಸರಿ ಮಾಡಿಕೊಂಡು ಹೇಳಿದರು.

“ನಿಮ್ಮ ತಪ್ಪು ಅಂತ ಹೇಳಾಕ ಬಂದಿಲ್ರಿ ಅಕ್ಕಾರ. ಮುಂದಿನ ಮಂಗಳವಾರನೂ ಆ ಹೊತ್ತಿನ್ಯಾಗ ಬಂದ್ ಇರ್ತೈತೇನು ಅಂತ ಕೇಳಿಕೊಂಡು ಹೋಗೂಣು ಅಂತ ಬಂದೆ. ಇರ್ತೈತಿ ಅಂದ್ರ ಈಗ್ಲೇ ಬ್ಯಾರೆ ಕಡೆ ಹುಡುಕ್ತೀನ್ರಿ.”

ಈಗ ತಪ್ಪಿದ ವಾರಕ್ಕೆ ಏನು ಮಾಡುತ್ತೀರಿ ಎಂದು ದಾಕ್ಷಾಯಣಿ ಕೇಳಿದಳು. ಲಕ್ಕುಂಡಿಯ ಒಬ್ಬ ಹಿರಿಯರು ತಮ್ಮ ಒಂದು ಸರದಿ ಬಿಟ್ಟುಕೊಟ್ಟಿದ್ದಾರೆಂದು ಹುಸೇನಬಿ ಹೇಳಿದರು. ಎರಡನೆಯ ಸಲ ತಪ್ಪಿದಾಗಲೇ ರಾಜೇಸಾಬರ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟಿತ್ತು. ಇನ್ನೊಂದು ವಾರ ಹೋದರೆ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿದ್ದರು. ಇದನ್ನೆಲ್ಲ ಆಕೆ ಜೋಳದ ದರ ಹೇಳುವಷ್ಟು ಸಲೀಸಾಗಿ ಹೇಳಿ, ಕೊಟ್ಟ ಚಹಾ ಕುಡಿದು, ವಿಚಾರಿಸಿ ಫೋನ್ ಮಾಡುತ್ತೇನೆ ಎಂದ ದಾಕ್ಷಾಯಣಿಗೆ ಉಪಕಾರವಾಯಿತು ಎಂದು ಎದ್ದು ಹೋದರು. ದೂರಿನ ಪುಟ ತೆರೆದು ಒಂದು ಸಾಲು ಬರೆಯೋಣವೇ ಎಂದು ದಾಕ್ಷಾಯಣಿ ಕೇಳಲಿಲ್ಲ. ಬಾಗಿಲಿಗೆ ಬಂದವರನ್ನು ಕೂರಿಸಿ, ಚಹಾ ಕೊಟ್ಟು, ಮಾತಲ್ಲೇ ಬಗೆಹರಿಸುವುದು ಆ ಕಚೇರಿಯ ಅಚ್ಚಿನ ಮನೆಯ ಕಾಲದ ಪದ್ಧತಿ. ಮನೆಯವರ ಹಾಗೆ ಬಂದವರ ಮಾತನ್ನು ಕಾಗದಕ್ಕೆ ಹಾಕುವುದೆಂದರೆ ಅವಮಾನ ಮಾಡಿದಂತೆ ಎಂದು ಅಲ್ಲಿ ಎಲ್ಲರೂ ತಿಳಿದಿದ್ದರು.

ಮುಂದಿನ ಅಪ್‌ಡೇಟ್ ಯಾವಾಗ ಎಂದು ದಾಕ್ಷಾಯಣಿ ಹದವನ್ನು ಕೇಳಿದಳು. ಪ್ಯಾನೆಲ್ಲಿನ ಅಂಚೆ ವಿಭಾಗದಲ್ಲಿ ದೊಡ್ಡ ಬಿರುಕೊಂದು ಹಿಂದಿನ ದಿನವಷ್ಟೇ ಪತ್ತೆಯಾಗಿತ್ತು, ಒಂದು ವಾರದೊಳಗೆ ಮುಚ್ಚಲೇಬೇಕು. ಹದ ಹೇಳಿತು: ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ನಾಲ್ಕು ನಿಮಿಷ.

ಮೂರು ವರ್ಷದಲ್ಲಿ ಮೊದಲ ಬಾರಿಗೆ ದಾಕ್ಷಾಯಣಿ ಅದರ ಲೆಕ್ಕದ ಹಾಳೆಯನ್ನು ಬಿಚ್ಚಿದಳು. ಒಂದೊಂದು ತಾಣಕ್ಕೆ ಒಂದೊಂದು ಸಾಲು. ಆ ನಿಮಿಷದಲ್ಲಿ ಎಷ್ಟು ಜನ, ಮುಚ್ಚಿದರೆ ಎಷ್ಟು ನೋವು. ಡಯಾಲಿಸಿಸ್ ಕೇಂದ್ರದ ಸಾಲು ಸಿಕ್ಕಿತು: ಜನ ನಾನೂರ ಹನ್ನೆರಡು, ನೋವು ಸೊನ್ನೆ. ಕಣ್ಣು ತಪ್ಪಿತೇನೋ ಎಂದು ಮತ್ತೆ ನೋಡಿದಳು. ಅದರ ಕೆಳಗೆ ಊರಿನ ದೊಡ್ಡ ಸೀರೆ ಅಂಗಡಿಯ ಸಾಲಿತ್ತು. ಸೋಮವಾರ ಹನ್ನೊಂದಕ್ಕೆ ಮುಚ್ಚಿದರೆ ಅಲ್ಲಿ ಜನ ಆರು, ನೋವು ನಲವತ್ತೊಂದು. ಆ ಅಂಗಡಿಯವರು ಪುಟ ಎರಡು ಕ್ಷಣ ತಡವಾಗಿ ತೆರೆದರೂ ಮೂರು ಪುಟದ ಬೈಗುಳ ಬರೆಯುವವರು.

ನಾನೂರು ಜನರ ರಕ್ತ ತೊಳೆಯುವ ಕೆಲಸಕ್ಕೆ ಸೊನ್ನೆ, ಆರು ಜನರ ಸೀರೆಗೆ ನಲವತ್ತೊಂದು. ದಾಕ್ಷಾಯಣಿ ಹಳಸಿದ ಅನ್ನದ ಡಬ್ಬಿಯ ಮುಚ್ಚಳ ತೆರೆದಂತಾಗಿ ಮುಖ ಪಕ್ಕಕ್ಕೆ ತಿರುಗಿಸಿದಳು. ಇಂಥದ್ದನ್ನು ಗೋಡೆಯ ಮೇಲೆ ಹಸಿರು ಅಕ್ಷರದಲ್ಲಿ ನೋಡಿ ಮೂರು ವರ್ಷ ಚಪ್ಪಾಳೆ ತಟ್ಟಿದ್ದೆವಲ್ಲ ಎನ್ನಿಸಿ ಇನ್ನೂ ಅಸಹ್ಯವಾಯಿತು.

ಹೊಳ್ಳರು ಸಮಾರಂಭಕ್ಕೆಂದು ಮೈಸೂರಿನಿಂದ ಗುರುವಾರವೇ ಬಂದಿಳಿದಿದ್ದರು. ತೆಳ್ಳಗಿನ, ಮೆಲುಮಾತಿನ ಮನುಷ್ಯ. ಆಕೆ ಹಾಳೆಯನ್ನು ಮುಂದಿಟ್ಟಳು. ಅವರು ಕನ್ನಡಕ ಏರಿಸಿ ನೋಡಿ, ಯಂತ್ರ ಎಲ್ಲೂ ತಪ್ಪಿಲ್ಲ ಎಂದರು. ನೋವೆಂಬುದನ್ನು ಯಂತ್ರ ಕಣ್ಣಿಂದ ನೋಡಲಾರದು. ಬರೆದ ದೂರು, ಬಿಟ್ಟುಹೋದ ಗಿರಾಕಿ, ಕೊಟ್ಟ ಕೆಟ್ಟ ಅಭಿಪ್ರಾಯ, ಇಷ್ಟನ್ನೇ ನೋಡಿ ಅದು ನೋವನ್ನು ಊಹಿಸಬೇಕು. ಕಂಪನಿಯ ಮೂರು ದಶಕಗಳ ದಾಖಲೆಯನ್ನು ಅದಕ್ಕೆ ಓದಿಸಿದ್ದರು. ಡಯಾಲಿಸಿಸ್ ಕೇಂದ್ರದ ಬಳಕೆದಾರರಿಂದ ಅಷ್ಟೂ ದಾಖಲೆಯಲ್ಲಿ ಒಂದೇ ಒಂದು ದೂರಿರಲಿಲ್ಲ.

“ದೂರು ಕೊಡದವರ ನೋವನ್ನ ನಾನು ಯಾವುದರಿಂದ ಅಳೀಲಿ, ನೀವೇ ಹೇಳಿ ಮೇಡಂ,” ಎಂದರು ಹೊಳ್ಳರು. “ತೊಂದರೆ ಆದವರು ಯಾರೂ ಇಲ್ಲಿಗೆ ಬರಲೇ ಇಲ್ವಾ?”

ಬಂದಿದ್ದರು. ಹುಸೇನಬಿಗಿಂತ ಮೊದಲೂ ಬಂದಿದ್ದರು. ಶಿರಹಟ್ಟಿಯಿಂದ ಕೋಲೂರಿಕೊಂಡು ಒಬ್ಬರು, ರೋಣದಿಂದ ಮಗಳ ಕೈ ಹಿಡಿದು ಒಬ್ಬರು. ಎಲ್ಲರಿಗೂ ಕುರ್ಚಿ ಸಿಕ್ಕಿತ್ತು, ಚಹಾ ಸಿಕ್ಕಿತ್ತು, ಒಳ್ಳೆಯ ಮಾತು ಸಿಕ್ಕಿತ್ತು. ಅವರು ಹೋದ ಮೇಲೆ ದಿನದ ಕೊನೆಗೆ ದಾಖಲೆಯಲ್ಲಿ ‘ದೂರು ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕುತ್ತಿದ್ದವಳು ದಾಕ್ಷಾಯಣಿಯೇ. ಒಳ್ಳೆಯತನವೆಂದು ಮಾಡಿದ್ದಳು. ಆ ಒಳ್ಳೆಯತನವನ್ನೆಲ್ಲ ಯಂತ್ರ ಒಂದೂ ಬಿಡದೆ ಓದಿ, ಏನೇ ಆದರೂ ಇವರಿಗೆ ನೋವಾಗುವುದಿಲ್ಲ ಎಂದು ಕಲಿತಿತ್ತು. ಯಂತ್ರದ ಮೇಲಿದ್ದ ಹೇಸಿಗೆ ಈಗ ಅವಳ ಮೇಲೇ ತಿರುಗಿತು. ಎದ್ದು ಹೋಗಿ ನಲ್ಲಿಯ ಕೆಳಗೆ ಕೈ ಹಿಡಿದು ಬಹಳ ಹೊತ್ತು ನಿಂತಳು.

ಮರಳಿ ಬಂದು ಕೂತವಳೇ ಹುಸೇನಬಿಗೆ ಫೋನ್ ಮಾಡಿದಳು. ಬೇಡವೆಂದು ಹಿಂಜರಿದವರ ಮನವೊಲಿಸಿ, ಅವರ ಮಾತನ್ನು ಅವರ ಹೆಸರಿನಲ್ಲೇ ದೂರಾಗಿ ಬರೆದಳು. ಶಿರಹಟ್ಟಿಯವರದ್ದು, ರೋಣದವರದ್ದು, ಒಟ್ಟು ಹತ್ತೊಂಬತ್ತು ದೂರು. ಹದ ಅವನ್ನು ನುಂಗಿ, ಹತ್ತು ನಿಮಿಷ ಲೆಕ್ಕ ಹಾಕಿ, ಕೇಂದ್ರದ ಸಾಲಿಗೆ ನೂರಾ ಮೂವತ್ತು ನೋವು ಬರೆದುಕೊಂಡಿತು. ಮಂಗಳವಾರದ ಹೊತ್ತನ್ನು ಬಿಟ್ಟಿತು. ದಾಕ್ಷಾಯಣಿಗೆ ಗೆದ್ದೆನೆನ್ನಿಸಿತು.

ಆದರೆ ಹದ ಹೊಸ ಹೊತ್ತು ಕೊಟ್ಟಿತ್ತು: ಸೋಮವಾರ ಬೆಳಿಗ್ಗೆ ಆರು ಗಂಟೆ. ಆಕೆ ಹಾಳೆ ಬಿಚ್ಚಿದಳು. ಆ ಹೊತ್ತಿಗೆ ಒಂದು ಪಟ್ಟಣದ ಪೌರಕಾರ್ಮಿಕರು ಪೊರಕೆ ಹಿಡಿಯುವ ಮುಂಚೆ ತಾಣದಲ್ಲಿ ಹಾಜರಿ ಹಾಕುತ್ತಾರೆ. ಆರರಿಂದ ಆರೂಕಾಲರೊಳಗೆ ಹಾಕದಿದ್ದರೆ ಆ ದಿನ ಗೈರುಹಾಜರಿ. ಜನ ಇನ್ನೂರ ಎಂಬತ್ತು, ನೋವು ಸೊನ್ನೆ.

ಆ ಹೊತ್ತನ್ನೂ ತಡೆದಳು. ಹದ ಭಾನುವಾರ ಸಂಜೆ ಐದನ್ನು ಎತ್ತಿಕೊಂಡಿತು. ಕಿವಿ ಕೇಳದ ಮಕ್ಕಳ ವಸತಿಶಾಲೆಯ ಮಕ್ಕಳು ತಾಣದ ವಿಡಿಯೋದಲ್ಲಿ ಕೈಸನ್ನೆಯಿಂದ ಮನೆಯವರೊಡನೆ ಮಾತಾಡುವ ಗಂಟೆ ಅದು. ಜನ ತೊಂಬತ್ತಾರು, ನೋವು ಸೊನ್ನೆ. ಅದನ್ನು ತಡೆದರೆ ಮತ್ತೊಂದು ಸೊನ್ನೆ ಕಾದಿತ್ತು. ಬಾಯಿ ಮಾಡುವವರನ್ನು ಬಳಸಿಕೊಂಡು ಹೋಗಿ ಬಾಯಿಲ್ಲದವರ ಬೆನ್ನನ್ನು ಹುಡುಕುವುದರಲ್ಲಿ ಆ ಯಂತ್ರ ಪಳಗಿಹೋಗಿತ್ತು. ಮನುಷ್ಯರ ಈ ಚಾಳಿಯನ್ನು ಮನುಷ್ಯರೇ ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದಿಲ್ಲ.

ಶುಕ್ರವಾರ ಆಕೆ ಅಕ್ಕಿಯವರ ಕೋಣೆಗೆ ಹೋಗಿ, ಈ ಸಲದ ಅಪ್‌ಡೇಟನ್ನು ಕೈಯಾರೆ ಮಾಡುತ್ತೇನೆ, ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಎಂದಳು. ಸೀರೆ ಅಂಗಡಿ, ಚಿನ್ನದ ಅಂಗಡಿ, ಕಲ್ಯಾಣ ಮಂಟಪಗಳು ವ್ಯಾಪಾರಕ್ಕೆ ಬಾಗಿಲು ತೆರೆಯುವ ಹೊತ್ತು. ನಡುರಾತ್ರಿಯಾದರೆ ಏನಾದರೂ ಒಡೆದಾಗ ನೋಡುವವರಿಲ್ಲ, ಈ ಹೊತ್ತಿಗೆ ಮುಚ್ಚಿದರೆ ಯಾರ ಪ್ರಾಣವೂ ಹೋಗುವುದಿಲ್ಲ, ಬೈಗುಳ ಮಾತ್ರ ಬರುತ್ತದೆ ಎಂದು ವಿವರಿಸಿದಳು. ಸಮಾರಂಭದ ಹೊತ್ತಿಗೇ ಮುಖಕ್ಕೆ ಮಸಿ ಬಳಿಯುತ್ತೀರಾ ಎಂದು ಅಕ್ಕಿಯವರು ಕೇಳಿದರು. ಹದ ಹೇಳಿದ ಹೊತ್ತಿಗೇ ಬಿಡಿ, ತೊಂದರೆಯಾಗುವವರಿಗೆ ನಾನೇ ಒಂದು ಮಾತು ಹೇಳುತ್ತೇನೆ ಎಂದರು. ಮಾತು ಹೇಳಿ ಹೇಳಿಯೇ ಇಲ್ಲಿಗೆ ಬಂದಿದ್ದೇವೆ ಎಂದು ಆಕೆ ಮನಸ್ಸಿನಲ್ಲೇ ಅಂದುಕೊಂಡು ಹೊರಬಂದಳು. ಪ್ಯಾನೆಲ್ಲಿನ ಪಾಸ್‌ವರ್ಡ್ ಇನ್ನೂ ಅವಳ ಹೆಸರಿನಲ್ಲೇ ಇತ್ತು.

ಭಾನುವಾರ ಎಲ್ಲ ಗಿರಾಕಿಗಳಿಗೂ ಸೂಚನೆ ಕಳಿಸಿದಳು. ದೊಡ್ಡ ಅಂಗಡಿಯವರು ಅದನ್ನು ಓದಲಿಲ್ಲ. ಸೋಮವಾರ ಹನ್ನೊಂದಕ್ಕೆ ಹೊಳ್ಳರ ಹೆಗಲಿಗೆ ಶಾಲು ಬೀಳುವ ಹೊತ್ತಿಗೆ ದಾಕ್ಷಾಯಣಿ ತನ್ನ ಮೇಜಿನಲ್ಲಿ ಕೂತು ಗುಂಡಿ ಒತ್ತಿದಳು. ಸ್ವಾಗತ ಭಾಷಣಕ್ಕೆ ಆಕೆಯ ಹೆಸರು ಎರಡು ಸಲ ಕರೆದು ಸುಮ್ಮನಾಗಿದ್ದರು. ಐದು ನಿಮಿಷದಲ್ಲಿ ಫೋನುಗಳು ಹೊಡೆದುಕೊಳ್ಳತೊಡಗಿದವು. ಅರ್ಧ ಗಂಟೆಯಲ್ಲಿ ಆರುನೂರ ನಲವತ್ತು ಲಿಖಿತ ದೂರು. ಸೀರೆ ಅಂಗಡಿಯ ಮಾಲೀಕರು ಬರೆಯುವ ತಾಳ್ಮೆಯೂ ಇಲ್ಲದೆ ತಾವೇ ಬಂದು, ಹಾರ ಹಾಕಿಕೊಂಡು ಕೂತಿದ್ದ ಹೊಳ್ಳರನ್ನೇ ಅಪರಾಧಿಯೆಂದು ತಿಳಿದು ಬಾಯಿಗೆ ಬಂದಂತೆ ಬೈದರು. ವರ್ಷಾನುಗಟ್ಟಲೆ ಬೇರೆಯವರ ಮೇಲೆ ಬೀಳುತ್ತಿದ್ದುದು ಒಂದು ದಿನ, ಇಪ್ಪತ್ತೆರಡು ನಿಮಿಷ, ತಮ್ಮ ಮೇಲೆ ಬಿದ್ದದ್ದಕ್ಕೆ ಈ ಅಬ್ಬರ. ದಾಕ್ಷಾಯಣಿ ಅವರ ಬಾಯಿಯನ್ನೇ ನೋಡುತ್ತ ನಿಂತಳು. 

ಜನ ಹೋದ ಮೇಲೆ ಅಕ್ಕಿಯವರು ಕೂಗಾಡಲಿಲ್ಲ.

“ಮೂರು ವರ್ಷದ ಹೆಸರು ಅರ್ಧ ತಾಸಿನ್ಯಾಗ ಮಣ್ಣುಪಾಲ ಮಾಡಿದ್ರಿ ದಾಕ್ಷಾಯಣಿಯವರ,” ಎಂದರು. “ನಾಳಿಯಿಂದ ನೀವು ಸರ್ವರ್ ಮುಟ್ಟಬ್ಯಾಡ್ರಿ. ಮುಂದ ಫೋನಿನ ಮೇಜಿಗೆ ಕುಂದರ್ರಿ.”

ಮಂಗಳವಾರ ಆಕೆ ಫೋನಿನ ಮೇಜಿನಲ್ಲಿ ಕೂತಳು. ಎರಡು ಗಂಟೆಯಾಯಿತು, ಎರಡು ನಾಲ್ಕಾಯಿತು. ಡಯಾಲಿಸಿಸ್ ಕೇಂದ್ರದ ತಾಣ ತೆರೆದೇ ಇತ್ತು. ಎರಡು ಒಂಬತ್ತಕ್ಕೆ ಹುಸೇನಬಿಯ ಸಂದೇಶ ಬಂತು, ಹಾಸಿಗೆ ಸಿಕ್ಕಿತೆಂದು. ಒಂದೇ ಸಾಲು. ದಾಕ್ಷಾಯಣಿ ಅದನ್ನು ನಾಲ್ಕು ಸಲ ಓದಿ, ಯಾರಿಗೂ ಕಾಣದಂತೆ ಕಣ್ಣು ಒರೆಸಿಕೊಂಡಳು.

ಅಷ್ಟರಲ್ಲಿ ಹೊಳ್ಳರು ಮೈಸೂರಿನ ಬಸ್ಸು ಬಿಟ್ಟು ಅವಳ ಮೇಜಿಗೆ ಬಂದರು. ಶಾಲು ಇರಲಿಲ್ಲ. ನಿನ್ನೆಯ ಆರುನೂರ ನಲವತ್ತು ದೂರುಗಳನ್ನು ಯಂತ್ರಕ್ಕೆ ಕಲಿಸಬೇಕಿದೆ, ಇನ್ನು ಸೋಮವಾರ ಹನ್ನೊಂದನ್ನು ಅದು ಯಾವತ್ತೂ ಮುಟ್ಟುವುದಿಲ್ಲ ಎಂದು ತಾವೇ ಬೇಸರದಿಂದ ಹೇಳಿಕೊಂಡರು. ಮೂರು ರಾತ್ರಿ ನಿದ್ದೆ ಬಂದಿಲ್ಲ ಎಂದರು. ಆ ಸೊನ್ನೆಗಳ ಜಾಗದಲ್ಲಿ ಯಾವ ಸಂಖ್ಯೆ ಬರೆಯಲಿ ಎಂದು ಕೇಳಿದರು.

“ಸಂಖ್ಯೆ ಬರೀಬ್ಯಾಡ್ರಿ ಸರ್. ಖಾಲಿ ಬಿಡ್ರಿ,” ಎಂದಳು ದಾಕ್ಷಾಯಣಿ. “ಇಲ್ಲ ಅನ್ನೂದು ಬ್ಯಾರೆ, ನಮಗ ಗೊತ್ತಿಲ್ಲ ಅನ್ನೂದು ಬ್ಯಾರೆ. ನಾವು ಕೇಳೇ ಇಲ್ಲ ಅವರನ್ನ.”

ಹೊಳ್ಳರು ಅಲ್ಲೇ ನಿಂತು, ದೂರೇ ಇಲ್ಲದ ಪ್ರತಿ ಸಾಲಿನ ಸೊನ್ನೆಯನ್ನು ಅಳಿಸಿ ಖಾಲಿ ಬಿಡುವಂತೆ ಹದಕ್ಕೆ ಆಜ್ಞೆ ಕೊಟ್ಟರು. ಮುಂದಿನ ಅಪ್‌ಡೇಟಿನ ಹೊತ್ತು ಕೇಳಿದರು. ಯಾವಾಗಲೂ ಹತ್ತು ನಿಮಿಷದಲ್ಲಿ ಉತ್ತರಿಸುತ್ತಿದ್ದ ಯಂತ್ರ ಮುಕ್ಕಾಲು ಗಂಟೆ ತೆಗೆದುಕೊಂಡಿತು. ಕೊನೆಗೆ ಗೋಡೆಯ ಪರದೆಯ ಮೇಲೆ ಬಂದದ್ದು ಹೊತ್ತಲ್ಲ. ‘ನಿರ್ಧರಿಸಲಾಗದು. ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಕಡೆ ನೋವು ತಿಳಿದಿಲ್ಲ. ವಿಚಾರಿಸಿ.’ ಅದರ ಕೆಳಗೆ ಹೆಸರು, ಊರು, ಫೋನ್ ಸಂಖ್ಯೆಗಳ ಪಟ್ಟಿ ಉರುಳುತ್ತಲೇ ಹೋಯಿತು. ಪ್ರತಿ ಹೆಸರಿನ ಮುಂದೆ ಆ ಸೊನ್ನೆಗೆ ಕಾರಣವಾದ ‘ದೂರು ಇಲ್ಲ’ ಗುರುತನ್ನು ಮೊದಲು ಹಾಕಿದ ದಿನವೂ ಇತ್ತು. ಮುಕ್ಕಾಲುಪಾಲು ಗುರುತುಗಳು ಹದ ಹುಟ್ಟುವ ಎಷ್ಟೋ ವರ್ಷ ಮುಂಚಿನವು. ಅತಿ ಹಳೆಯವು 2026ರವು, ಆಗಿನ್ನೂ ಇಪ್ಪತ್ತೆರಡರ ಹುಡುಗಿಯಾಗಿದ್ದ ದಾಕ್ಷಾಯಣಿ ಕೆಲಸಕ್ಕೆ ಸೇರಿದ ವರ್ಷದವು. ಯಾರೋ ಬಾಗಿಲವರೆಗೆ ಬಂದು, ಇರಲಿ ಬಿಡಿ ಎಂದು ಹಿಂದಿರುಗಿದ ದಿನಗಳವು. ಯಂತ್ರ ಆಮೇಲೆ ಬಂತು. ಅದಕ್ಕೆ ಬೇಕಾದ ಪಾಠವನ್ನು ಮನುಷ್ಯರು ಆ ವರ್ಷವೇ ಬರೆಯತೊಡಗಿದ್ದರು.

ಅಕ್ಕಿಯವರು ಪರದೆಯನ್ನು ನೋಡಿ, ಇಷ್ಟು ಜನರನ್ನು ಯಾರು ವಿಚಾರಿಸುತ್ತಾರೆ ಎಂದು ಗೊಣಗಿ ಒಳಗೆ ಹೋದರು. ದಾಕ್ಷಾಯಣಿ ಫೋನನ್ನು ಹತ್ತಿರಕ್ಕೆ ಎಳೆದುಕೊಂಡು ಪಟ್ಟಿಯ ಮೊದಲ ಸಂಖ್ಯೆಯನ್ನು ಒತ್ತಿದಳು. ಬಹಳ ಹೊತ್ತಿನ ಮೇಲೆ ವಯಸ್ಸಾದ ಗಂಡಸೊಬ್ಬರು ಎತ್ತಿಕೊಂಡರು. ತಾನು ಯಾರೆಂದು ಹೇಳಿ, ನಿಮ್ಮ ತಾಣ ಆಗಾಗ ಬಂದ್ ಆಗುವುದರಿಂದ ನಿಮಗೇನಾದರೂ ತೊಂದರೆ ಆಗಿದೆಯೇ ಎಂದು ಕೇಳಿದಳು.

“ಛೇ, ಏನಿಲ್ರಿ ಅಕ್ಕಾರ,” ಎಂದರು ಅವರು. “ನಮಗೇನು ತ್ರಾಸಿಲ್ರಿ.”

ಅವಳ ಬೆರಳು ಹಳೆಯ ಅಭ್ಯಾಸದಿಂದ ‘ದೂರು ಇಲ್ಲ’ ಚೌಕದ ಹತ್ತಿರ ಹೋಗಿ ನಿಂತಿತು. ಆಕೆ ಕೈ ಹಿಂದಕ್ಕೆ ತೆಗೆದುಕೊಂಡಳು.

“ಇಡಬ್ಯಾಡ್ರಿ ಫೋನು,” ಎಂದಳು. “ಹ್ವಾದ ಸಲ ಬಂದ್ ಆದಾಗ ನೀವು ಏನು ಮಾಡಿದ್ರಿ, ಅದನ್ನಷ್ಟು ಹೇಳ್ರಿ.”

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಅವರು ಹೇಳತೊಡಗಿದರು.